ಪ್ರೋಟೀನ್‌ಗಳ ರಚನೆ ಮತ್ತು ಕೆಲಸ: ಪದೇ ಪದೇ ಕೇಳುವ ಪ್ರಶ್ನೆಗಳು

ಉಪನ್ಯಾಸ ಮುಗಿದ ಮೇಲೆ ಬಾಗಿಲ ಬಳಿ ತಡೆದು ಕೇಳಿದವು, ಪತ್ರಗಳಲ್ಲಿ ಬಂದವು, ಒಬ್ಬರಿಗೆ ಉತ್ತರಿಸಿದ ಮೇಲೆ ಮತ್ತೊಬ್ಬರಿಂದ ಅದೇ ಮಾತಿನಲ್ಲಿ ತಿರುಗಿ ಬಂದವು: ಹೀಗೆ ಹಲವು ವರ್ಷಗಳಿಂದ ಕೂಡಿಟ್ಟುಕೊಂಡ ಪ್ರಶ್ನೆಗಳಿವು. ಕೇಳಿದವರ ಮಾತನ್ನು ತಿದ್ದದೆ ಹಾಗೆಯೇ ಉಳಿಸಿದ್ದೇನೆ. ಸುಲಭವಾದವು ಮೊದಲು, ತೊಡಕಿನವು ಕೊನೆಗೆ ಬರುತ್ತವೆ. ಯಾವ ಉತ್ತರವನ್ನಾದರೂ ಬಿಡಿಯಾಗಿ ಓದಬಹುದು.

## ಆರಂಭದ ಪ್ರಶ್ನೆಗಳು

ಪ್ರೋಟೀನ್ ಅಂದರೆ ತಿನ್ನುವ ಪೌಷ್ಟಿಕಾಂಶ ಅಲ್ವಾ? ಅದಕ್ಕೆ ರಚನೆ, ಕೆಲಸ ಅಂತೆಲ್ಲ ಯಾಕೆ ಹೇಳ್ತೀರಿ?

ಆಹಾರದ ಪಟ್ಟಿಯಲ್ಲಿ ಕಾಣುವ ಪ್ರೋಟೀನ್ ಎಂಬುದು ಒಂದು ರಾಶಿಯ ಹೆಸರು. ಜೀವಶಾಸ್ತ್ರದಲ್ಲಿ ಅದೇ ಮಾತು ಒಂದೊಂದು ಬಗೆಯ ಅಣುವನ್ನು ಸೂಚಿಸುತ್ತದೆ. ತಿಂದ ಪ್ರೋಟೀನ್ ಜಠರದಲ್ಲೂ ಕರುಳಿನಲ್ಲೂ ಒಡೆದು ಅಮೈನೋ ಆಮ್ಲಗಳಾಗುತ್ತದೆ, ಆ ಅಮೈನೋ ಆಮ್ಲಗಳಿಂದ ನಮ್ಮ ಜೀವಕೋಶಗಳು ತಮಗೆ ಬೇಕಾದ ಪ್ರೋಟೀನ್‌ಗಳನ್ನು ಹೊಸದಾಗಿ ಕಟ್ಟಿಕೊಳ್ಳುತ್ತವೆ. ಹಾಗೆ ಕಟ್ಟಿಕೊಂಡ ಅಣುಗಳಲ್ಲಿ ಒಂದು ಆಮ್ಲಜನಕವನ್ನು ಹೊರುತ್ತದೆ, ಇನ್ನೊಂದು ಸಕ್ಕರೆಯನ್ನು ಒಡೆಯುತ್ತದೆ, ಮತ್ತೊಂದು ಸ್ನಾಯುವನ್ನು ಎಳೆಯುತ್ತದೆ, ಮಗದೊಂದು ಹೊರಗಿನಿಂದ ನುಗ್ಗಿದ ವೈರಸ್ಸನ್ನು ಗುರುತಿಸಿ ಅಂಟಿಕೊಳ್ಳುತ್ತದೆ. ಮನುಷ್ಯನ ವಂಶವಾಹಿಗಳಲ್ಲಿ ಸುಮಾರು 20,000 ಪ್ರೋಟೀನ್‌ಗಳನ್ನು ತಯಾರಿಸುವ ಸೂಚನೆಗಳಿವೆ. ಈ ಕೆಲಸಗಳಲ್ಲಿ ಯಾವುದೂ ಅಣುವಿನ ತೂಕದಿಂದ ಆಗುವುದಲ್ಲ, ಅದರ ಆಕಾರದಿಂದ ಆಗುವುದು. ರಚನೆಯ ಮಾತು ಬರುವುದು ಈ ಕಾರಣಕ್ಕೆ. ಹೆಸರಾದರೋ ಹಳೆಯದು: ಸ್ವೀಡನ್ನಿನ ಬರ್ಜೀಲಿಯಸ್ ಸೂಚಿಸಿದ ಈ ಪದವನ್ನು ಡಚ್ ರಸಾಯನವಿಜ್ಞಾನಿ ಮುಲ್ಡರ್ 1838ರಲ್ಲಿ ಬಳಕೆಗೆ ತಂದರು. ಗ್ರೀಕ್ ಮೂಲದಲ್ಲಿ ಅದಕ್ಕೆ ಮೊದಲ ಸ್ಥಾನದ್ದು ಎಂಬ ಅರ್ಥವಿದೆ.

ಅಮೈನೋ ಆಮ್ಲಗಳು ಬರೀ ಇಪ್ಪತ್ತು. ಇಷ್ಟರಲ್ಲೇ ಇಷ್ಟೊಂದು ಬಗೆಯ ಪ್ರೋಟೀನ್ ಹೇಗೆ ಆಗುತ್ತೆ?

ಅಕ್ಷರಗಳಿಂದ ಪದಗಳಾಗುವಂತೆ ಎಂಬ ಹೋಲಿಕೆಯನ್ನು ಎಲ್ಲರೂ ಕೊಡುತ್ತಾರೆ. ಅದು ತಪ್ಪಲ್ಲ, ಆದರೆ ಅಕ್ಷರಗಳಿಗೆ ಸ್ವಭಾವವೆಂಬುದಿಲ್ಲ, ಅಮೈನೋ ಆಮ್ಲಗಳಿಗೆ ಇದೆ. ಪ್ರತಿಯೊಂದರ ನಡುವೆ ಒಂದು ಇಂಗಾಲದ ಪರಮಾಣುವಿದ್ದು ಅದಕ್ಕೆ ಅಮೈನೋ ಗುಂಪು, ಕಾರ್ಬಾಕ್ಸಿಲ್ ಗುಂಪು, ಒಂದು ಹೈಡ್ರೋಜನ್, ನಾಲ್ಕನೆಯದಾಗಿ ಒಂದು ಪಾರ್ಶ್ವ ಗುಂಪು ಅಂಟಿಕೊಂಡಿರುತ್ತವೆ. ಮೊದಲ ಮೂರು ಎಲ್ಲದರಲ್ಲೂ ಒಂದೇ ರೀತಿ ಇರುತ್ತವೆ, ಸ್ವಭಾವವೆಲ್ಲ ನಾಲ್ಕನೆಯದರಲ್ಲಿ ಅಡಗಿದೆ. ಗ್ಲೈಸೀನ್‌ನಲ್ಲಿ ಅದು ಬರಿಯ ಇನ್ನೊಂದು ಹೈಡ್ರೋಜನ್, ಟ್ರಿಪ್ಟೊಫ್ಯಾನ್‌ನಲ್ಲಿ ಎರಡು ಉಂಗುರಗಳ ದಪ್ಪ ಗಂಟು. ಲೈಸೀನ್ ಧನ ವಿದ್ಯುದಂಶವನ್ನೂ ಗ್ಲುಟಾಮಿಕ್ ಆಮ್ಲ ಋಣ ವಿದ್ಯುದಂಶವನ್ನೂ ಹೊತ್ತಿರುತ್ತವೆ. ಲ್ಯೂಸೀನ್, ವ್ಯಾಲೀನ್, ಫಿನೈಲ್‌ಅಲನೀನ್‌ಗಳದ್ದು ಎಣ್ಣೆಯ ಸ್ವಭಾವ, ಅವಕ್ಕೆ ನೀರಿನ ಸಹವಾಸ ಒಗ್ಗದು. ಸಿಸ್ಟೀನ್‌ನಲ್ಲಿರುವ ಗಂಧಕ ಇನ್ನೊಂದು ಸಿಸ್ಟೀನ್‌ನ ಗಂಧಕದೊಡನೆ ಗಟ್ಟಿಯಾದ ಬಂಧ ಬೆಸೆದುಕೊಳ್ಳಬಲ್ಲದು.

ಇನ್ನು ಲೆಕ್ಕಕ್ಕೆ ಬಂದರೆ, ನೂರು ಅಮೈನೋ ಆಮ್ಲಗಳ ಒಂದು ಸಾಧಾರಣ ಸರಪಳಿಯನ್ನು ಜೋಡಿಸುವ ಬಗೆಗಳ ಸಂಖ್ಯೆಯನ್ನು ಬರೆಯಬೇಕಾದರೆ 1ರ ಮುಂದೆ ಸುಮಾರು 130 ಸೊನ್ನೆ ಹಾಕಬೇಕು. ಕಾಣಬಲ್ಲ ವಿಶ್ವದ ಪರಮಾಣುಗಳನ್ನೆಲ್ಲ ಎಣಿಸಿದರೂ ಸುಮಾರು 80 ಸೊನ್ನೆಗಳಿಗೆ ಮುಗಿಯುತ್ತದೆ. ಹಾಗಾಗಿ ಇಪ್ಪತ್ತು ಸಾಲದು ಎಂಬ ಚಿಂತೆ ಬೇಡ. ಅಂದಹಾಗೆ, ಸೆಲೆನೋಸಿಸ್ಟೀನ್ ಎಂಬ 21ನೆಯದು ನಮ್ಮ ದೇಹದ ಕೆಲವೇ ಪ್ರೋಟೀನ್‌ಗಳಲ್ಲಿದೆ, ಪೈರೋಲೈಸೀನ್ ಎಂಬ 22ನೆಯದು ಕೆಲವು ಸೂಕ್ಷ್ಮಜೀವಿಗಳಲ್ಲಿ ಸಿಗುತ್ತದೆ.

ಪೆಪ್ಟೈಡ್, ಪಾಲಿಪೆಪ್ಟೈಡ್, ಪ್ರೋಟೀನ್ ಮೂರೂ ಒಂದೇನಾ?

ಅಮೈನೋ ಆಮ್ಲಗಳು ಒಂದಕ್ಕೊಂದು ಸೇರುವಾಗ ಒಂದು ನೀರಿನ ಅಣು ಹೊರಬಿದ್ದು ಉಂಟಾಗುವುದು ಪೆಪ್ಟೈಡ್ ಬಂಧ. ಸರಪಳಿ ಚಿಕ್ಕದಿದ್ದರೆ ಪೆಪ್ಟೈಡ್, ಉದ್ದವಿದ್ದರೆ ಪಾಲಿಪೆಪ್ಟೈಡ್, ಅದು ಮಡಚಿಕೊಂಡು ಒಂದು ಕೆಲಸಕ್ಕೆ ತಯಾರಾಗಿ ನಿಂತರೆ ಪ್ರೋಟೀನ್ ಎನ್ನುವುದು ರೂಢಿ. ಗಡಿ ಎಲ್ಲಿ ಎಂಬುದಕ್ಕೆ ಕಟ್ಟುನಿಟ್ಟಾದ ನಿಯಮವಿಲ್ಲ. 51 ಅಮೈನೋ ಆಮ್ಲಗಳ ಇನ್ಸುಲಿನ್ ಆ ಗಡಿಯ ಮೇಲೆಯೇ ಕೂತಿದೆ. ಸ್ನಾಯುವಿನಲ್ಲಿರುವ ಟೈಟಿನ್ ಎಂಬ ದೈತ್ಯ ಪ್ರೋಟೀನ್‌ನ ಒಂದೇ ಸರಪಳಿಯಲ್ಲಿ 34,000ಕ್ಕೂ ಹೆಚ್ಚು ಅಮೈನೋ ಆಮ್ಲಗಳಿವೆ.

ಪ್ರಾಥಮಿಕ, ದ್ವಿತೀಯಕ, ತೃತೀಯಕ, ಚತುರ್ಥಕ ರಚನೆ ಬಾಯಿಪಾಠ ಆಗಿದೆ. ಆದರೆ ಅರ್ಥ ಆಗಿಲ್ಲ. ಬಿಡಿಸಿ ಹೇಳ್ತೀರಾ?

ಬಾಯಿಪಾಠ ಮಾಡಿಸಿದವರು ಇವು ನಾಲ್ಕು ಮೆಟ್ಟಿಲುಗಳೆಂದು ಹೇಳಿರುತ್ತಾರೆ, ತೊಡಕು ಶುರುವಾಗುವುದು ಅಲ್ಲಿಂದಲೇ. ಪ್ರೋಟೀನ್ ಒಂದು ಮೆಟ್ಟಿಲು ಮುಗಿಸಿ ಇನ್ನೊಂದಕ್ಕೆ ಕಾಲಿಡುವುದಿಲ್ಲ. ಒಂದೇ ವಸ್ತುವನ್ನು ನಾವು ನಾಲ್ಕು ದೂರಗಳಿಂದ ನೋಡುತ್ತೇವೆ, ಅಷ್ಟೆ.

ತೀರ ಹತ್ತಿರದಿಂದ ನೋಡಿದರೆ ಕಾಣುವುದು ಅಮೈನೋ ಆಮ್ಲಗಳ ಸಾಲು: ಯಾವುದರ ಮುಂದೆ ಯಾವುದು. ಇದು ಪ್ರಾಥಮಿಕ ರಚನೆ. ಇಂತಹ ಸಾಲು ಪ್ರತಿ ಪ್ರೋಟೀನ್‌ಗೂ ಖಚಿತವಾಗಿರುತ್ತದೆ ಎಂಬುದನ್ನು ಫ್ರೆಡರಿಕ್ ಸ್ಯಾಂಗರ್ ಇನ್ಸುಲಿನ್ನಿನ ಸಾಲನ್ನು ಓದಿ ತೋರಿಸಿ 1958ರ ನೊಬೆಲ್ ಪಡೆದರು. ಅಲ್ಲಿಯವರೆಗೆ ಪ್ರೋಟೀನ್ ಎಂದರೆ ನಿಶ್ಚಿತ ರೂಪವಿಲ್ಲದ ಮಿಶ್ರಣವೆಂದು ನಂಬಿದವರೂ ಇದ್ದರು. ಸ್ವಲ್ಪ ಹಿಂದೆ ಸರಿದರೆ ಸರಪಳಿಯ ಬೆನ್ನೆಲುಬು ಅಲ್ಲಲ್ಲಿ ಸುರುಳಿ ಸುತ್ತಿರುವುದೂ ಅಲ್ಲಲ್ಲಿ ಅಕ್ಕಪಕ್ಕ ಹಾಸಿಕೊಂಡು ನೆರಿಗೆಯ ಹಾಳೆಯಂತಾಗಿರುವುದೂ ಕಾಣುತ್ತದೆ. ಇವು ಆಲ್ಫಾ ಸುರುಳಿ ಮತ್ತು ಬೀಟಾ ಹಾಳೆ, ಎರಡನ್ನೂ ಹೈಡ್ರೋಜನ್ ಬಂಧಗಳೆಂಬ ದುರ್ಬಲ ಸೆಳೆತಗಳು ಹಿಡಿದಿಟ್ಟಿರುತ್ತವೆ. ಇದು ದ್ವಿತೀಯಕ ರಚನೆ. ಲೈನಸ್ ಪಾಲಿಂಗ್ 1948ರಲ್ಲಿ ನೆಗಡಿಯಾಗಿ ಹಾಸಿಗೆ ಹಿಡಿದಿದ್ದಾಗ ಕಾಗದದ ಮೇಲೆ ಸರಪಳಿಯ ಚಿತ್ರ ಬರೆದು, ಆ ಕಾಗದವನ್ನೇ ಮಡಚಿ ಆಲ್ಫಾ ಸುರುಳಿಯನ್ನು ಕಂಡುಕೊಂಡರು. ಅದನ್ನು ಪ್ರಕಟಿಸಿದ್ದು 1951ರಲ್ಲಿ. ಆ ಸುರುಳಿಯ ಒಂದು ಸುತ್ತಿಗೆ 3.6 ಅಮೈನೋ ಆಮ್ಲಗಳು. ಒಂದು ಸುತ್ತಿಗೆ ಪೂರ್ಣ ಸಂಖ್ಯೆಯೇ ಬರಬೇಕೆಂಬ ಹಟವನ್ನು ಅವರು ಕೈಬಿಟ್ಟದ್ದರಿಂದಲೇ ಉತ್ತರ ಸಿಕ್ಕಿತು.

ಇನ್ನೂ ಹಿಂದೆ ಸರಿದರೆ ಸುರುಳಿಗಳೂ ಹಾಳೆಗಳೂ ಒಂದರ ಮೇಲೊಂದು ಒತ್ತಿಕೊಂಡು ಒಂದು ಇಡೀ ಆಕಾರವಾಗಿರುವುದು ತೋರುತ್ತದೆ. ಅದು ತೃತೀಯಕ. ಅಂತಹ ಹಲವು ಸರಪಳಿಗಳು ಜೊತೆಗೂಡಿ ಒಂದೇ ಯಂತ್ರದಂತೆ ಕೆಲಸ ಮಾಡಿದರೆ ಆ ಜೋಡಣೆ ಚತುರ್ಥಕ. ಒಂದೇ ಸರಪಳಿಯಿಂದಾದ ಪ್ರೋಟೀನ್‌ಗಳಿಗೆ ಈ ಕೊನೆಯದು ಇರುವುದೇ ಇಲ್ಲ.

## ಆಕಾರ ಎಲ್ಲಿಂದ ಬರುತ್ತದೆ

ಸರಪಳಿಗೆ ಹೀಗೇ ಮಡಚಿಕೋ ಅಂತ ಯಾರು ಹೇಳಿಕೊಡ್ತಾರೆ?

ಯಾರೂ ಇಲ್ಲ ಎಂಬುದನ್ನು ಕ್ರಿಶ್ಚಿಯನ್ ಆನ್ಫಿನ್ಸೆನ್ ಒಂದು ಸೊಗಸಾದ ಪ್ರಯೋಗದಿಂದ ತೋರಿಸಿದರು. ಅವರು ಆರಿಸಿಕೊಂಡದ್ದು ರೈಬೋನ್ಯೂಕ್ಲಿಯೇಸ್ ಎಂಬ ಕಿಣ್ವ, ಅಂದರೆ ರಾಸಾಯನಿಕ ಕ್ರಿಯೆಯನ್ನು ಚುರುಕುಗೊಳಿಸುವ ಪ್ರೋಟೀನ್. ಅದರಲ್ಲಿ 124 ಅಮೈನೋ ಆಮ್ಲಗಳು, ಅವುಗಳಲ್ಲಿ ಎಂಟು ಸಿಸ್ಟೀನ್‌ಗಳು, ಆ ಎಂಟು ಜೋಡಿಯಾಗಿ ಬೆಸೆದುಕೊಂಡ ನಾಲ್ಕು ಗಂಧಕ ಬಂಧಗಳು. ಯೂರಿಯಾ ಹಾಕಿ ಮಡಿಕೆಯನ್ನು ಬಿಚ್ಚಿದರು, ಮರ್ಕ್ಯಾಪ್ಟೋಎಥನಾಲ್ ಹಾಕಿ ಗಂಧಕ ಬಂಧಗಳನ್ನು ಕತ್ತರಿಸಿದರು, ಕಿಣ್ವ ನಿಷ್ಕ್ರಿಯವಾಯಿತು. ಎರಡನ್ನೂ ತೊಳೆದು ತೆಗೆದಾಗ ಸರಪಳಿ ತಾನಾಗಿಯೇ ಮಡಚಿಕೊಂಡು ಹೆಚ್ಚುಕಡಿಮೆ ಪೂರ್ತಿ ಕಾರ್ಯಶಕ್ತಿಯನ್ನು ಮರಳಿ ಪಡೆಯಿತು. ಎಂಟು ಸಿಸ್ಟೀನ್‌ಗಳು ಜೋಡಿಯಾಗಲು 105 ದಾರಿಗಳಿವೆ, ಸರಿಯಾದದ್ದು ಒಂದೇ. ಸರಪಳಿ ಆ ಒಂದನ್ನೇ ಹುಡುಕಿಕೊಂಡಿತ್ತು.

ನನಗೆ ಇದಕ್ಕಿಂತ ಹಿಡಿಸುವುದು ಪ್ರಯೋಗದ ಎರಡನೆಯ ಭಾಗ. ಯೂರಿಯಾ ಇರುವಾಗಲೇ ಗಂಧಕ ಬಂಧಗಳನ್ನು ಮತ್ತೆ ಬೆಸೆಯಲು ಬಿಟ್ಟರೆ ಅವು ಮನಬಂದಂತೆ ಜೋಡಿಯಾಗಿ, ಕಿಣ್ವದಲ್ಲಿ ಸುಮಾರು ನೂರರಲ್ಲೊಂದು ಪಾಲು ಶಕ್ತಿ ಮಾತ್ರ ಉಳಿಯುತ್ತದೆ. ಈಗ ಯೂರಿಯಾವನ್ನು ತೆಗೆದು, ಮರ್ಕ್ಯಾಪ್ಟೋಎಥನಾಲ್ ಚಿಟಿಕೆಯಷ್ಟು ಸೇರಿಸಿದರೆ, ತಪ್ಪು ಗಂಟುಗಳು ಒಂದೊಂದಾಗಿ ಸಡಿಲಗೊಂಡು ಕೆಲವು ಗಂಟೆಗಳಲ್ಲಿ ಸರಿಯಾದ ಆಕಾರ ಮರಳುತ್ತದೆ. ಆಕಾರದ ಸೂಚನೆ ಅಮೈನೋ ಆಮ್ಲಗಳ ಸಾಲಿನಲ್ಲೇ ಇದೆ ಎಂಬ ಈ ತೀರ್ಮಾನಕ್ಕೆ 1972ರ ನೊಬೆಲ್ ಬಂತು.

ಸೂಚನೆ ಸಾಲಿನಲ್ಲಿದ್ದರೂ ಅದನ್ನು ಜಾರಿಗೆ ತರುವುದು ಸುತ್ತಲಿನ ನೀರು, ಈ ಮಾತನ್ನು ಪಠ್ಯಪುಸ್ತಕಗಳು ಮೆಲುದನಿಯಲ್ಲಿ ಹೇಳಿ ಮುಂದೆ ಹೋಗುತ್ತವೆ. ಎಣ್ಣೆಯ ಸ್ವಭಾವದ ಪಾರ್ಶ್ವ ಗುಂಪುಗಳು ನೀರಿಗೆ ಒಡ್ಡಿಕೊಂಡಿದ್ದರೆ ಅವುಗಳ ಸುತ್ತಲಿನ ನೀರಿನ ಅಣುಗಳು ಬಿಗಿಯಾಗಿ ಸಾಲುಗಟ್ಟಿ ನಿಲ್ಲಬೇಕಾಗುತ್ತದೆ, ಅವುಗಳ ಓಡಾಟದ ಸ್ವಾತಂತ್ರ್ಯ ಹೋಗುತ್ತದೆ. ಆ ಗುಂಪುಗಳು ಒಳಗೆ ಸೇರಿ ಒಂದಕ್ಕೊಂದು ಒತ್ತಿಕೊಂಡರೆ ನೀರು ಬಿಡುಗಡೆಗೊಳ್ಳುತ್ತದೆ. ಸರಪಳಿಯನ್ನು ಉಂಡೆಯಾಗಿಸುವ ಮುಖ್ಯ ಒತ್ತಡ ಇದು. ಒಳಗಿನ ಬಂಧಗಳ ಸೆಳೆತಕ್ಕಿಂತ ಹೊರಗಿನ ನೀರಿನ ಈ ತಳ್ಳಾಟವೇ ಹೆಚ್ಚು ಎಂದು ನೆನಪಿಟ್ಟುಕೊಂಡರೆ ಮುಂದಿನ ಹಲವು ವಿಷಯಗಳು ತಾವಾಗಿ ಬಿಡಿಸಿಕೊಳ್ಳುತ್ತವೆ.

ಮೊಟ್ಟೆ ಬೇಯಿಸಿದರೆ ಬಿಳಿ ಭಾಗ ಗಟ್ಟಿ ಆಗುತ್ತೆ. ತಣ್ಣಗಾದ ಮೇಲೆ ಮತ್ತೆ ಯಾಕೆ ಹಸಿ ಆಗಲ್ಲ?

ಹಸಿ ಬಿಳಿ ಲೋಳೆಯಲ್ಲಿ ಹತ್ತರಲ್ಲಿ ಒಂಬತ್ತು ಪಾಲು ನೀರು, ಉಳಿದದ್ದು ಬಹುಪಾಲು ಪ್ರೋಟೀನ್. ಪ್ರತಿ ಅಣುವೂ ತನ್ನ ಉಂಡೆಯಾಕಾರದಲ್ಲಿ ಬೇರೆ ಬೇರೆ ತೇಲುತ್ತಿರುವವರೆಗೆ ಬೆಳಕು ಅಡ್ಡಿಯಿಲ್ಲದೆ ಹಾಯುತ್ತದೆ, ಲೋಳೆ ಪಾರದರ್ಶಕವಾಗಿರುತ್ತದೆ. ಬಿಸಿ 60 ಡಿಗ್ರಿ ಸೆಲ್ಸಿಯಸ್ ದಾಟುತ್ತಿದ್ದಂತೆ ಓವೋಟ್ರಾನ್ಸ್‌ಫೆರಿನ್ ಎಂಬ ಪ್ರೋಟೀನ್ ಮೊದಲು ಬಿಚ್ಚಿಕೊಳ್ಳುತ್ತದೆ; ಅರ್ಧಕ್ಕಿಂತ ಹೆಚ್ಚು ಪಾಲಿರುವ ಓವಲ್ಬುಮಿನ್ ಬಿಚ್ಚಿಕೊಳ್ಳಲು ಸುಮಾರು 80 ಡಿಗ್ರಿ ಬೇಕು. ನೋಡುತ್ತಿದ್ದರೆ ಅಂಚಿನಿಂದ ಮಬ್ಬಾಗಿ, ಆಮೇಲೆ ಹಾಲಿನಂತಾಗಿ, ಕೊನೆಗೆ ಗಟ್ಟಿಯಾಗುವ ಹಂತಗಳು ಬೇರೆ ಬೇರೆಯಾಗಿಯೇ ಕಾಣುತ್ತವೆ.

ಇಲ್ಲಿ ಪೆಪ್ಟೈಡ್ ಬಂಧಗಳು ತುಂಡಾಗುವುದಿಲ್ಲ, ಸರಪಳಿಗಳು ಇಡಿಯಾಗಿಯೇ ಇರುತ್ತವೆ. ಆದರೆ ಒಳಗಿದ್ದ ಎಣ್ಣೆ ಸ್ವಭಾವದ ಭಾಗಗಳು ಹೊರಬಂದು, ಪಕ್ಕದ ಅಣುಗಳ ಅಂತಹವೇ ಭಾಗಗಳಿಗೆ ಅಂಟಿಕೊಂಡು, ನಡುನಡುವೆ ಹೊಸ ಗಂಧಕ ಬಂಧಗಳೂ ಏರ್ಪಟ್ಟು, ನೀರನ್ನು ಹಿಡಿದಿಟ್ಟ ಒಂದು ಬಲೆಯಾಗುತ್ತದೆ. ಆನ್ಫಿನ್ಸೆನ್‌ರ ಪರೀಕ್ಷಾನಾಳದಲ್ಲಿ ಅಣುಗಳು ವಿರಳವಾಗಿದ್ದವು, ಪ್ರತಿಯೊಂದಕ್ಕೂ ಒಂಟಿಯಾಗಿ ಮಡಚಿಕೊಳ್ಳಲು ಎಡೆಯಿತ್ತು; ಇಲ್ಲಿ ದಟ್ಟಣೆಯಲ್ಲಿ ಸಿಕ್ಕು ಬಿದ್ದಿದೆ. ತಣ್ಣಗಾದ ಮಾತ್ರಕ್ಕೆ ಸಿಕ್ಕು ಬಿಡುವುದಿಲ್ಲ.

ಪ್ರೋಟೀನ್ ಇಷ್ಟು ಸುಲಭವಾಗಿ ಹಾಳಾಗೋದಾದರೆ ಅದನ್ನು ಗಟ್ಟಿಮುಟ್ಟಾಗಿ ಮಾಡಬಾರದಿತ್ತಾ?

ಮಡಚಿಕೊಂಡ ಸ್ಥಿತಿಗೂ ಬಿಚ್ಚಿಕೊಂಡ ಸ್ಥಿತಿಗೂ ನಡುವಿನ ಶಕ್ತಿಯ ಅಂತರ ಸಾಮಾನ್ಯವಾಗಿ ಒಂದು ಮೋಲ್‌ಗೆ 5ರಿಂದ 15 ಕಿಲೋಕ್ಯಾಲರಿ, ಅಂದರೆ ಕೆಲವೇ ಹೈಡ್ರೋಜನ್ ಬಂಧಗಳ ಬೆಲೆ. ಸಾವಿರಾರು ಪರಮಾಣುಗಳ ಅಣುವೊಂದು ಇಷ್ಟು ತೆಳುವಾದ ಅಂತರದ ಮೇಲೆ ನಿಂತಿರುವುದು ಮೊದಲ ನೋಟಕ್ಕೆ ದೋಷದಂತೆ ಕಾಣುತ್ತದೆ. ಆದರೆ ಪ್ರೋಟೀನ್ ಕೆಲಸ ಮಾಡಬೇಕಾದರೆ ಬಾಗಬೇಕು, ಬಾಯಿ ತೆರೆಯಬೇಕು, ಮುಚ್ಚಬೇಕು. ಕೆಲಸ ಮುಗಿದ ಮೇಲೆ ಜೀವಕೋಶ ಅದನ್ನು ಒಡೆದುಹಾಕಲೂ ಬೇಕು. ಕುದಿಯುವ ಚಿಲುಮೆಗಳಲ್ಲಿ ಬದುಕುವ ಸೂಕ್ಷ್ಮಜೀವಿಗಳ ಕಿಣ್ವಗಳು ತಮ್ಮ ಬಿಸಿಯ ನೆಲೆಯಲ್ಲಿ ಚುರುಕಾಗಿರುತ್ತವೆ, ಅವನ್ನು ಕೋಣೆಯ ಉಷ್ಣತೆಗೆ ತಂದರೆ ಬಹುತೇಕ ಜಡವಾಗುತ್ತವೆ. ಗಟ್ಟಿತನಕ್ಕೆ ತೆರಬೇಕಾದ ಬೆಲೆ ಅದು.

ರಾಮಚಂದ್ರನ್ ನಕ್ಷೆ ಅಂತಾರಲ್ಲ, ಅದರಲ್ಲಿ ಏನು ತೋರಿಸ್ತಾರೆ?

ಪೆಪ್ಟೈಡ್ ಬಂಧ ಚಪ್ಪಟೆಯಾಗಿ ಬಿಗಿದುಕೊಂಡಿರುತ್ತದೆ, ತಿರುಗುವುದಿಲ್ಲ. ಆದ್ದರಿಂದ ಸರಪಳಿಯ ಬೆನ್ನೆಲುಬು ತಿರುಗಬಲ್ಲದ್ದು ಪ್ರತಿ ಅಮೈನೋ ಆಮ್ಲದ ಎರಡೇ ಕಡೆಗಳಲ್ಲಿ. ಆ ಎರಡು ಕೋನಗಳಿಗೆ ಫೈ ಮತ್ತು ಸೈ ಎಂದು ಹೆಸರು. ಜಿ. ಎನ್. ರಾಮಚಂದ್ರನ್, ಸಿ. ರಾಮಕೃಷ್ಣನ್ ಮತ್ತು ವಿ. ಶಶಿಶೇಖರನ್ ಮದರಾಸು ವಿಶ್ವವಿದ್ಯಾಲಯದಲ್ಲಿ ಕುಳಿತು, ಪರಮಾಣುಗಳು ಗಟ್ಟಿ ಗೋಲಿಗಳಂತೆ ಒಂದಕ್ಕೊಂದು ಢಿಕ್ಕಿ ಹೊಡೆಯಬಾರದು ಎಂಬ ಒಂದೇ ನಿಬಂಧನೆಯಿಂದ ಯಾವ ಯಾವ ಕೋನಗಳು ಸಾಧ್ಯವೆಂದು ಲೆಕ್ಕ ಹಾಕಿದರು. 1963ರಲ್ಲಿ ಪ್ರಕಟವಾದ ಆ ಚೌಕದಲ್ಲಿ ಬಹುಪಾಲು ಜಾಗ ನಿಷಿದ್ಧ, ಅನುಮತಿ ಇರುವುದು ಕೆಲವು ದ್ವೀಪಗಳಿಗೆ ಮಾತ್ರ. ಒಂದು ದ್ವೀಪದಲ್ಲಿ ಆಲ್ಫಾ ಸುರುಳಿ ಬೀಳುತ್ತದೆ, ಇನ್ನೊಂದರಲ್ಲಿ ಬೀಟಾ ಹಾಳೆ. ಪಾರ್ಶ್ವ ಗುಂಪು ಬರಿಯ ಹೈಡ್ರೋಜನ್ ಆಗಿರುವ ಗ್ಲೈಸೀನ್‌ಗೆ ಮಾತ್ರ ಓಡಾಟ ಧಾರಾಳ. ಇಂದಿಗೂ ಯಾರಾದರೂ ಹೊಸ ಪ್ರೋಟೀನ್ ರಚನೆಯನ್ನು ಪ್ರಕಟಿಸಿದರೆ ಪರಿಶೀಲಕರು ಮೊದಲು ನೋಡುವ ಚಿತ್ರಗಳಲ್ಲಿ ಇದೂ ಒಂದು. ನಿಷಿದ್ಧ ಜಾಗದಲ್ಲಿ ಚುಕ್ಕೆಗಳು ಹೆಚ್ಚಿದ್ದರೆ ಮಾದರಿಯಲ್ಲಿ ತಪ್ಪಿರಬಹುದೆಂಬ ಅನುಮಾನ ಬರುತ್ತದೆ. ಗೋಲಿಗಳ ಲೆಕ್ಕವೊಂದು ಅರವತ್ತು ವರ್ಷ ದಾಟಿಯೂ ಕೆಲಸಕ್ಕೆ ಬರುತ್ತಿರುವುದು ಸಣ್ಣ ಮಾತಲ್ಲ.

## ಕೆಲಸ ನಡೆಯುವ ಬಗೆ

ಕಿಣ್ವ ಮತ್ತು ಅದರ ಗುರಿ ಬೀಗ-ಬೀಗದ ಕೈ ಇದ್ದ ಹಾಗೆ ಅಂತ ಓದಿದ್ದೆ. ಈಗ ಅದು ತಪ್ಪು ಅಂತಾರೆ. ಯಾವುದು ಸರಿ?

ಎಮಿಲ್ ಫಿಶರ್ 1894ರಲ್ಲಿ ಕೊಟ್ಟ ಆ ಹೋಲಿಕೆ, ಒಂದು ಕಿಣ್ವ ತನಗೆ ಹೊಂದುವ ಅಣುವನ್ನಷ್ಟೇ ಏಕೆ ಹಿಡಿಯುತ್ತದೆ ಎಂಬುದನ್ನು ವಿವರಿಸುತ್ತದೆ. ಹಿಡಿದ ಮೇಲೆ ಏನು ಮಾಡುತ್ತದೆ ಎಂಬುದಕ್ಕೆ ಅದರಲ್ಲಿ ಉತ್ತರವಿಲ್ಲ. ಬೀಗದ ಕೈ ಸರಿಯಾಗಿ ಕೂತರೆ ಅಲ್ಲಿಗೆ ನೆಮ್ಮದಿ. ಹಾಗೆ ನೆಮ್ಮದಿಯಾಗಿ ಕೂತ ಅಣು ಬದಲಾಗಲು ಕಾರಣವೇ ಇರುವುದಿಲ್ಲ. ಡೇನಿಯಲ್ ಕೋಶ್ಲೆಂಡ್ 1958ರಲ್ಲಿ, ಅಣು ಬಂದು ಕೂರುವಾಗ ಕಿಣ್ವವೂ ತನ್ನ ಆಕಾರವನ್ನು ಬದಲಿಸಿಕೊಂಡು ಸುತ್ತುವರಿಯುತ್ತದೆ ಎಂದರು. ಅದಕ್ಕೂ ಮೊದಲೇ ಪಾಲಿಂಗ್ ಹೇಳಿದ್ದ ಮಾತು ಇನ್ನೂ ಆಳದ್ದು: ಕಿಣ್ವದ ಕ್ರಿಯಾಕೇಂದ್ರ, ಅಂದರೆ ಅಣುವನ್ನು ಹಿಡಿದು ಬದಲಿಸುವ ಜಾಗ, ನಿಜವಾಗಿ ಹೊಂದುವುದು ಮೊದಲಿನ ಅಣುವಿಗಲ್ಲ, ಕೊನೆಗೆ ಬರುವ ಅಣುವಿಗೂ ಅಲ್ಲ, ಒಂದು ಮತ್ತೊಂದಾಗುವ ನಡುವಿನ, ಬಂಧಗಳು ಅರ್ಧ ಮುರಿದು ಅರ್ಧ ಕೂಡಿದ ಆ ಕ್ಷಣದ ರೂಪಕ್ಕೆ. ಅದನ್ನು ಆಧರಿಸಿ ಹಿಡಿಯುವುದರಿಂದ ಬದಲಾಗಲು ದಾಟಬೇಕಾದ ಶಕ್ತಿಯ ಗುಡ್ಡದ ಎತ್ತರ ಇಳಿಯುತ್ತದೆ.

ಇಳಿಕೆ ಎಷ್ಟೆಂಬುದಕ್ಕೆ ಒಂದು ಉದಾಹರಣೆ ಸಾಕು. ಡಿಎನ್‌ಎ ಮತ್ತು ಆರ್‌ಎನ್‌ಎಯ ಘಟಕಗಳ ತಯಾರಿಕೆಯಲ್ಲಿ ಓರೊಟಿಡೀನ್ ಮಾನೋಫಾಸ್ಫೇಟ್ ಎಂಬ ಅಣುವಿನಿಂದ ಒಂದು ಇಂಗಾಲದ ಡೈಆಕ್ಸೈಡನ್ನು ಕಿತ್ತುಹಾಕುವ ಹಂತವಿದೆ. ಕಿಣ್ವವಿಲ್ಲದೆ ನೀರಿನಲ್ಲಿ ಬಿಟ್ಟರೆ ಇಂತಹ ಅಣುಗಳ ಅರ್ಧದಷ್ಟರಲ್ಲಿ ಈ ಬದಲಾವಣೆ ಆಗಲು ಸುಮಾರು 7 ಕೋಟಿ 80 ಲಕ್ಷ ವರ್ಷ ಹಿಡಿಯುತ್ತದೆ. ಕಿಣ್ವವಿದ್ದರೆ ಸೆಕೆಂಡಿನ ಸಣ್ಣ ಭಾಗದಲ್ಲಿ ಮುಗಿಯುತ್ತದೆ.

ಹಿಮೋಗ್ಲೋಬಿನ್‌ಗೆ ನಾಲ್ಕು ಸರಪಳಿ ಯಾಕೆ? ಮಯೋಗ್ಲೋಬಿನ್ ಒಂದರಲ್ಲೇ ಆಮ್ಲಜನಕ ಹಿಡಿಯುತ್ತಲ್ಲ?

ಹಿಡಿಯುವುದಷ್ಟೇ ಕೆಲಸವಾಗಿದ್ದರೆ ಒಂದು ಸರಪಳಿ ಸಾಕಿತ್ತು. ಸ್ನಾಯುವಿನ ಮಯೋಗ್ಲೋಬಿನ್ 153 ಅಮೈನೋ ಆಮ್ಲಗಳ ಒಂಟಿ ಸರಪಳಿ. ಅದು ಆಮ್ಲಜನಕವನ್ನು ಬಿಗಿಯಾಗಿ ಹಿಡಿದು ಕೂರುತ್ತದೆ, ಒಂದು ರೀತಿಯ ದಾಸ್ತಾನು. ರಕ್ತದಲ್ಲಿ ಓಡಾಡುವ ಹಿಮೋಗ್ಲೋಬಿನ್ ಶ್ವಾಸಕೋಶದಲ್ಲಿ ಹಿಡಿಯಬೇಕು, ಅಂಗಾಂಶಗಳಿಗೆ ಬಂದಾಗ ಬಿಡಬೇಕು. ಅಂಟುವ ಗುಣ ಹೆಚ್ಚಾದರೆ ಬಿಡುವುದಿಲ್ಲ, ಕಡಿಮೆಯಾದರೆ ಹಿಡಿಯುವುದಿಲ್ಲ. ನಾಲ್ಕು ಸರಪಳಿಗಳು ಪರಸ್ಪರ ಸುದ್ದಿ ಮುಟ್ಟಿಸಿಕೊಳ್ಳುವುದರಿಂದ ಈ ಇಕ್ಕಟ್ಟು ಬಿಡಿಸಿಕೊಳ್ಳುತ್ತದೆ.

ಹತ್ತಿರದಿಂದ ನೋಡೋಣ. ಪ್ರತಿ ಸರಪಳಿಯಲ್ಲಿ ಹೀಮ್ ಎಂಬ ಚಪ್ಪಟೆ ತಟ್ಟೆ, ಅದರ ನಡುವೆ ಕಬ್ಬಿಣದ ಒಂದು ಪರಮಾಣು. ಆಮ್ಲಜನಕ ಇಲ್ಲದಾಗ ಆ ಕಬ್ಬಿಣ ತಟ್ಟೆಯ ಮಟ್ಟಕ್ಕಿಂತ ತುಸು ಆಚೆಗೆ ಉಬ್ಬಿಕೊಂಡಿರುತ್ತದೆ. ಆಮ್ಲಜನಕ ಬಂದು ಅಂಟಿದೊಡನೆ ತಟ್ಟೆಯೊಳಗೆ ಜಾರುತ್ತದೆ. ಆ ಜಾರುವಿಕೆ ಒಂದು ಪರಮಾಣುವಿನ ಅಗಲಕ್ಕಿಂತಲೂ ಕಡಿಮೆ. ಆದರೆ ಕಬ್ಬಿಣಕ್ಕೆ ಹಿಸ್ಟಿಡೀನ್ ಎಂಬ ಒಂದು ಅಮೈನೋ ಆಮ್ಲ ಕಟ್ಟಿಕೊಂಡಿದೆ, ಆ ಹಿಸ್ಟಿಡೀನ್ ಒಂದು ಸುರುಳಿಯ ಭಾಗ, ಸುರುಳಿ ಪಕ್ಕದ ಸರಪಳಿಗೆ ತಾಗಿಕೊಂಡಿದೆ. ಎಳೆತ ಒಂದರಿಂದೊಂದಕ್ಕೆ ದಾಟಿ, ಕೊನೆಗೆ ನಾಲ್ಕು ಸರಪಳಿಗಳ ಒಂದು ಅರ್ಧ ಇನ್ನೊಂದು ಅರ್ಧದ ಎದುರು ಸುಮಾರು 15 ಡಿಗ್ರಿ ತಿರುಗುತ್ತದೆ. ತಿರುಗಿದ ರೂಪದಲ್ಲಿ ಉಳಿದ ಸರಪಳಿಗಳು ಆಮ್ಲಜನಕವನ್ನು ಇನ್ನಷ್ಟು ಸುಲಭವಾಗಿ ಹಿಡಿಯುತ್ತವೆ. ಬಿಡುವಾಗ ಇದೇ ಹಾದಿ ಹಿಂದುಮುಂದಾಗಿ ನಡೆಯುತ್ತದೆ. ಮ್ಯಾಕ್ಸ್ ಪೆರುಟ್ಜ್ ಹಿಮೋಗ್ಲೋಬಿನ್ನಿನ ಹರಳುಗಳಿಗೆ ಕ್ಷ-ಕಿರಣ ಹಾಯಿಸಿ ರಚನೆ ತಿಳಿಯುವ ಕೆಲಸವನ್ನು ಕೈಗೆತ್ತಿಕೊಂಡದ್ದು 1937ರಲ್ಲಿ, ಮೊದಲ ರಚನೆ ಕಂಡದ್ದು 1959ರಲ್ಲಿ, ಮಯೋಗ್ಲೋಬಿನ್ ಬಿಡಿಸಿದ ಜಾನ್ ಕೆಂಡ್ರೂ ಜೊತೆ ನೊಬೆಲ್ ಹಂಚಿಕೊಂಡದ್ದು 1962ರಲ್ಲಿ. ಈ ಜಾರುವಿಕೆಯ ಕಥೆಯನ್ನು ಅವರು ಜೋಡಿಸಿ ಹೇಳಿದ್ದು 1970ರಲ್ಲಿ.

ಒಂದೇ ಒಂದು ಅಮೈನೋ ಆಮ್ಲ ಬದಲಾದರೆ ಅಷ್ಟು ದೊಡ್ಡ ಕಾಯಿಲೆ ಹೇಗೆ ಬರುತ್ತೆ?

ಎಲ್ಲ ಬದಲಾವಣೆಗಳೂ ಕಾಯಿಲೆ ತರುವುದಿಲ್ಲ. ಹೆಚ್ಚಿನವು ಗಮನಕ್ಕೇ ಬರುವುದಿಲ್ಲ. ಎಲ್ಲಿ, ಯಾವುದರ ಬದಲು ಯಾವುದು ಎಂಬುದರ ಮೇಲೆ ಎಲ್ಲವೂ ನಿಂತಿದೆ. ಕುಡುಗೋಲು ಕಣ ರೋಗದಲ್ಲಿ ಹಿಮೋಗ್ಲೋಬಿನ್ನಿನ ಬೀಟಾ ಸರಪಳಿಯ 6ನೆಯ ಸ್ಥಾನದಲ್ಲಿ ಋಣ ವಿದ್ಯುದಂಶದ ಗ್ಲುಟಾಮಿಕ್ ಆಮ್ಲದ ಜಾಗಕ್ಕೆ ಎಣ್ಣೆ ಸ್ವಭಾವದ ವ್ಯಾಲೀನ್ ಬಂದಿರುತ್ತದೆ. ಆ ಸ್ಥಾನ ಅಣುವಿನ ಹೊರಮೈಯಲ್ಲಿದೆ, ಅಂದರೆ ನೀರಿಗೆ ಒಗ್ಗದ ಒಂದು ಕಲೆ ನೀರಿಗೆ ಎದುರಾಗಿ ನಿಂತಂತಾಯಿತು. ಆಮ್ಲಜನಕ ಬಿಟ್ಟುಕೊಟ್ಟ ರೂಪದಲ್ಲಿ ಪಕ್ಕದ ಹಿಮೋಗ್ಲೋಬಿನ್ನಿನ ಮೈಮೇಲೆ ಆ ಕಲೆ ಸರಿಯಾಗಿ ಕೂರುವ ಒಂದು ಗುಳಿ ತೆರೆದುಕೊಳ್ಳುತ್ತದೆ. ಒಂದಕ್ಕೊಂದು ಸಿಕ್ಕಿಕೊಂಡು ಉದ್ದನೆಯ ಎಳೆಗಳಾಗಿ, ರಕ್ತಕಣವನ್ನೇ ಕುಡುಗೋಲಿನಂತೆ ಬಾಗಿಸುತ್ತವೆ. ಬಾಗಿದ ಕಣಗಳು ಕಿರಿದಾದ ರಕ್ತನಾಳಗಳಲ್ಲಿ ಸಿಕ್ಕಿಬೀಳುತ್ತವೆ. ಇದು ಅಣುವಿನ ಕಾಯಿಲೆ ಎಂದು ಪಾಲಿಂಗ್ ಮತ್ತು ಸಂಗಡಿಗರು 1949ರಲ್ಲಿ ತೋರಿಸಿದರು, ಬದಲಾದ ಅಮೈನೋ ಆಮ್ಲ ಯಾವುದೆಂದು ವರ್ನನ್ ಇಂಗ್ರಾಮ್ 1957ರಲ್ಲಿ ಗುರುತಿಸಿದರು.

ಕೊಲಾಜೆನ್ ಪುಡಿ ತಿಂದರೆ ಅದು ಚರ್ಮಕ್ಕೆ ಹೋಗಿ ಸೇರುತ್ತಾ?

ಇಡಿಯಾಗಿ ಹೋಗಿ ಸೇರುವುದಿಲ್ಲ. ಕೊಲಾಜೆನ್ ಎಂಬುದು ಮೂರು ಸರಪಳಿಗಳು ಹುರಿಗೊಂಡ ಹಗ್ಗ. ಹುರಿಯ ನಡುವಿನಲ್ಲಿ ಜಾಗ ಅತಿ ಕಿರಿದಾದ್ದರಿಂದ ಪ್ರತಿ ಮೂರನೆಯ ಸ್ಥಾನದಲ್ಲೂ ಅತಿ ಚಿಕ್ಕದಾದ ಗ್ಲೈಸೀನ್ ಇರಲೇಬೇಕು. ತಿಂದಾಗ ಈ ಹಗ್ಗ ಅಮೈನೋ ಆಮ್ಲಗಳಾಗಿಯೂ ಪುಟ್ಟ ಪೆಪ್ಟೈಡ್‌ಗಳಾಗಿಯೂ ಒಡೆಯುತ್ತದೆ. ಅದರಲ್ಲಿ ಹೇರಳವಾಗಿರುವ ಹೈಡ್ರಾಕ್ಸಿಪ್ರೋಲೀನ್ ಅನ್ನು ದೇಹ ಹೊಸ ಸರಪಳಿಗೆ ಪೋಣಿಸಲಾರದು, ಏಕೆಂದರೆ ವಂಶವಾಹಿಯ ಸಂಕೇತದಲ್ಲಿ ಅದಕ್ಕೆ ಪದವೇ ಇಲ್ಲ. ಪ್ರೋಲೀನ್ ಸರಪಳಿಗೆ ಸೇರಿದ ಮೇಲಷ್ಟೇ ಅದನ್ನು ಬದಲಿಸಿ ಹೈಡ್ರಾಕ್ಸಿಪ್ರೋಲೀನ್ ಮಾಡಲಾಗುತ್ತದೆ. ಆ ಬದಲಾವಣೆಗೆ ವಿಟಮಿನ್ ಸಿ ಬೇಕು. ಅದು ಸಿಗದಿದ್ದರೆ ಹುರಿ ದೇಹದ ಉಷ್ಣತೆಯಲ್ಲೇ ಸಡಿಲಗೊಂಡು ವಸಡುಗಳಲ್ಲಿ ರಕ್ತ ಜಿನುಗುತ್ತದೆ, ಗಾಯ ಮಾಯುವುದಿಲ್ಲ. ಹಿಂದಿನ ಕಾಲದ ದೂರಪ್ರಯಾಣದ ನಾವಿಕರನ್ನು ಕಾಡಿದ ಸ್ಕರ್ವಿ ಇದೇ.

ಪ್ರೋಟೀನ್ ಕೆಲಸವನ್ನು ಜೀವಕೋಶ ಹೇಗೆ ಶುರು ಮಾಡಿ ಹೇಗೆ ನಿಲ್ಲಿಸುತ್ತೆ?

ಹಲವು ದಾರಿಗಳಿವೆ, ಹೆಚ್ಚು ಬಳಕೆಯಲ್ಲಿರುವುದು ಫಾಸ್ಫೇಟ್ ಅಂಟಿಸುವುದು. ಸೆರೀನ್, ಥ್ರಿಯೋನೀನ್ ಅಥವಾ ಟೈರೋಸೀನ್ ಎಂಬ ಅಮೈನೋ ಆಮ್ಲಕ್ಕೆ ಒಂದು ಫಾಸ್ಫೇಟ್ ಗುಂಪು ಅಂಟಿದರೆ ಅಲ್ಲಿ ಒಮ್ಮೆಗೇ ಋಣ ವಿದ್ಯುದಂಶ ಬಂದು ಕೂರುತ್ತದೆ, ಸುತ್ತಲಿನ ಸರಪಳಿ ಅದಕ್ಕೆ ತಕ್ಕಂತೆ ಮಗ್ಗುಲು ಬದಲಿಸುತ್ತದೆ, ಮುಚ್ಚಿದ್ದ ಕ್ರಿಯಾಕೇಂದ್ರ ತೆರೆಯಬಹುದು ಅಥವಾ ತೆರೆದದ್ದು ಮುಚ್ಚಬಹುದು. ಅಂಟಿಸುವ ಕೈನೇಸ್ ಕಿಣ್ವಗಳು ಮನುಷ್ಯನಲ್ಲಿ 500ಕ್ಕೂ ಹೆಚ್ಚಿವೆ, ಕೀಳುವವು ಫಾಸ್ಫಟೇಸ್‌ಗಳು. ಈ ಗುಂಡಿಯನ್ನು ಮೊದಲು ಕಂಡ ಎಡ್ಮಂಡ್ ಫಿಶರ್ ಮತ್ತು ಎಡ್ವಿನ್ ಕ್ರೆಬ್ಸ್ 1992ರ ನೊಬೆಲ್ ಪಡೆದರು.

## ಮುಂದುವರಿದ ಪ್ರಶ್ನೆಗಳು

ಸಾಧ್ಯವಿರುವ ಆಕಾರಗಳು ಕೋಟಿ ಕೋಟಿ ಇರುವಾಗ ಸರಪಳಿ ಸರಿಯಾದದ್ದನ್ನು ಇಷ್ಟು ಬೇಗ ಹೇಗೆ ಹುಡುಕುತ್ತೆ?

ಸೈರಸ್ ಲೆವಿಂಥಾಲ್ 1969ರಲ್ಲಿ ಎತ್ತಿದ ಪ್ರಶ್ನೆ ಇದು. ನೂರು ಅಮೈನೋ ಆಮ್ಲಗಳ ಪ್ರತಿ ಕೊಂಡಿಗೂ ಮೂರೇ ಭಂಗಿಗಳೆಂದಿಟ್ಟುಕೊಂಡರೂ ಒಟ್ಟು ಆಕಾರಗಳ ಸಂಖ್ಯೆ 1ರ ಮುಂದೆ 47 ಸೊನ್ನೆಗಳನ್ನು ಮೀರುತ್ತದೆ. ಸೆಕೆಂಡಿಗೆ ಹತ್ತು ಲಕ್ಷ ಕೋಟಿಯಂತೆ ಒಂದೊಂದನ್ನೇ ಪರೀಕ್ಷಿಸುತ್ತ ಹೋದರೆ ವಿಶ್ವದ ವಯಸ್ಸೂ ಸಾಲದು, ಆದರೆ ಸಣ್ಣ ಪ್ರೋಟೀನ್‌ಗಳು ಸೆಕೆಂಡಿನ ಸಾವಿರದಲ್ಲೊಂದು ಭಾಗದಲ್ಲಿ ಮಡಚಿಕೊಳ್ಳಬಲ್ಲವು. ಇದನ್ನು ವಿರೋಧಾಭಾಸವೆಂದು ಕರೆಯುವ ರೂಢಿಯಿದ್ದರೂ ಲೆವಿಂಥಾಲ್ ಹೇಳಬಯಸಿದ್ದು ಸರಳ: ಸರಪಳಿ ಹುಡುಕುತ್ತಿಲ್ಲ, ಇಳಿಯುತ್ತಿದೆ. ಬೆಟ್ಟದ ಮೇಲೆ ಬಿದ್ದ ನೀರು ಕಣಿವೆಯನ್ನು ತಲುಪಲು ಬೆಟ್ಟದ ಎಲ್ಲ ಜಾಗಗಳನ್ನೂ ಮುಟ್ಟಿ ಬರಬೇಕಿಲ್ಲ. ಸ್ಥಳೀಯವಾಗಿ ಸರಿಹೊಂದಿದ ತುಣುಕುಗಳು ಉಳಿದುಕೊಂಡು, ಪ್ರತಿ ಹೆಜ್ಜೆಯೂ ಮುಂದಿನ ಇಳಿತವನ್ನು ಸುಲಭವಾಗಿಸುತ್ತ ಹೋಗುತ್ತದೆ.

ನಿರ್ದಿಷ್ಟ ಆಕಾರವೇ ಇಲ್ಲದ ಪ್ರೋಟೀನ್‌ಗಳಿವೆ ಅಂತ ಕೇಳಿದೆ. ಹಾಗಿದ್ದರೆ ಇಷ್ಟು ಹೊತ್ತು ಹೇಳಿದ್ದೆಲ್ಲ ಸುಳ್ಳಾ?

ಸುಳ್ಳಲ್ಲ, ಅರ್ಧ ಸತ್ಯ. ಎಣ್ಣೆ ಸ್ವಭಾವದ ಅಮೈನೋ ಆಮ್ಲಗಳು ಕಡಿಮೆಯಿದ್ದು ವಿದ್ಯುದಂಶದವು ಹೆಚ್ಚಿರುವ ಸರಪಳಿಗಳಿಗೆ ಒಳಗೆ ಅಡಗಿಸಬೇಕಾದ್ದೇ ಇರುವುದಿಲ್ಲ. ಅವು ನೀರಿನಲ್ಲಿ ಬಿಚ್ಚಿದ ದಾರದಂತೆ ಅಲೆದಾಡುತ್ತವೆ. ನರಕೋಶಗಳಲ್ಲಿರುವ 140 ಅಮೈನೋ ಆಮ್ಲಗಳ ಆಲ್ಫಾ ಸೈನ್ಯೂಕ್ಲೀನ್ ಅಂತಹದು. ಒಂದೇ ದಾರ ಹಲವು ಸಂಗಾತಿಗಳಿಗೆ ಹಲವು ಬಗೆಯಲ್ಲಿ ಸುತ್ತಿಕೊಳ್ಳಬಲ್ಲದಾದ್ದರಿಂದ ಸುದ್ದಿ ಸಾಗಿಸುವ ಪ್ರೋಟೀನ್‌ಗಳಲ್ಲಿ ಇಂತಹ ಭಾಗಗಳು ಹೆಚ್ಚು. ಹರಳುಗಳ ಮೂಲಕವೇ ಪ್ರೋಟೀನ್‌ಗಳನ್ನು ನೋಡುತ್ತಿದ್ದ ಕಾಲದಲ್ಲಿ ಹರಳುಗಟ್ಟದ ಇವು ಕಣ್ಣಿಗೆ ಬೀಳದೆ ಉಳಿದದ್ದು ಸಹಜ. ಅದೇ ಸೈನ್ಯೂಕ್ಲೀನ್ ದಾರಿ ತಪ್ಪಿ ಎಳೆಗಳಾಗಿ ಕೂಡಿಕೊಂಡು ನರಕೋಶಗಳಲ್ಲಿ ಶೇಖರಗೊಳ್ಳುವುದು ಪಾರ್ಕಿನ್ಸನ್ ಕಾಯಿಲೆಯ ಗುರುತು.

ಪ್ರೋಟೀನ್‌ನಿಂದಲೇ ಸೋಂಕು ಹರಡುತ್ತೆ ಅಂದರೆ ನಂಬೋದು ಹೇಗೆ? ಅದಕ್ಕೆ ವಂಶವಾಹಿ ಇಲ್ಲವಲ್ಲ?

ಸ್ಟ್ಯಾನ್ಲಿ ಪ್ರುಸಿನರ್ 1982ರಲ್ಲಿ ಸೋಂಕು ಹರಡುವ ಪ್ರೋಟೀನ್‌ಗೆ ಪ್ರಿಯಾನ್ ಎಂಬ ಪದವನ್ನು ಮುಂದಿಟ್ಟಾಗ ಹೆಚ್ಚಿನವರು ನಂಬಲಿಲ್ಲ; ಅವರಿಗೆ ನೊಬೆಲ್ ಬಂದದ್ದು 1997ರಲ್ಲಿ. ಪ್ರಿಯಾನ್ ಆಗುವ ಪ್ರೋಟೀನ್ ನಮ್ಮ ನರಕೋಶಗಳಲ್ಲಿ ಸಹಜವಾಗಿಯೇ ಇರುತ್ತದೆ, ಆ ರೂಪದಲ್ಲಿ ಸುರುಳಿಗಳು ಹೆಚ್ಚು. ಅದೇ ಸಾಲಿನ ಅಮೈನೋ ಆಮ್ಲಗಳು ಹಾಳೆಗಳೇ ತುಂಬಿದ ಬೇರೊಂದು ರೂಪವನ್ನು ತಾಳಬಲ್ಲವು, ಮತ್ತು ಆ ರೂಪ ಹತ್ತಿರ ಬಂದ ಸಹಜ ಅಣುಗಳನ್ನೂ ತನ್ನಂತೆ ಮಡಚುತ್ತದೆ. ಇಲ್ಲಿ ಹರಡುವುದು ವಂಶವಾಹಿಯಲ್ಲ, ಮಡಿಕೆ. ಇಂತಹ ಎಳೆಗಳು ಎಷ್ಟು ಸ್ಥಿರವೆಂದರೆ ಸಾಮಾನ್ಯ ಕುದಿಸುವಿಕೆಯಿಂದ ನಾಶವಾಗುವುದಿಲ್ಲ.

ಇಂತಹ ಅಂಟುವಿಕೆಯ ಅಪಾಯ ಪ್ರತಿ ಜೀವಕೋಶದಲ್ಲೂ ಇರುವುದರಿಂದಲೇ ಚಾಪರಾನ್ ಎಂಬ ಕಾವಲು ಪ್ರೋಟೀನ್‌ಗಳಿವೆ. ಬ್ಯಾಕ್ಟೀರಿಯಾಗಳ ಗ್ರೋಇಎಲ್ ಎಂಬ ಚಾಪರಾನ್ ಏಳೇಳು ಘಟಕಗಳ ಎರಡು ಉಂಗುರಗಳಿಂದಾದ ಪೀಪಾಯಿ. ಅರೆಬರೆ ಮಡಚಿದ ಸರಪಳಿಯನ್ನು ಒಳಗೆ ಹಾಕಿಕೊಂಡು, ಮುಚ್ಚಳ ಹಾಕಿ, ಗುಂಪಿನಿಂದ ದೂರವಾಗಿ ಒಂಟಿಯಾಗಿ ಮಡಚಿಕೊಳ್ಳಲು ಕೆಲವು ಸೆಕೆಂಡು ಅವಕಾಶ ಕೊಡುತ್ತದೆ. ಹೇಗೆ ಮಡಚಬೇಕೆಂದು ಅದು ಕಲಿಸುವುದಿಲ್ಲ.

ಹಳೆಯ ಪ್ರೋಟೀನ್‌ಗಳು ಏನಾಗುತ್ತವೆ?

ಒಡೆಯಬೇಕಾದವುಗಳ ಮೇಲೆ 76 ಅಮೈನೋ ಆಮ್ಲಗಳ ಯುಬಿಕ್ವಿಟಿನ್ ಎಂಬ ಚೀಟಿಯನ್ನು ಸಾಲಾಗಿ ಅಂಟಿಸಲಾಗುತ್ತದೆ. ಚೀಟಿ ಕಂಡ ಪ್ರೋಟಿಯಸೋಮ್ ಎಂಬ ಕೊಳವೆಯಾಕಾರದ ಯಂತ್ರ ಸರಪಳಿಯನ್ನು ಬಿಚ್ಚಿ ಒಳಗೆಳೆದು ತುಂಡರಿಸುತ್ತದೆ. ಇದಕ್ಕೆ 2004ರ ನೊಬೆಲ್ ಸಂದಿದೆ. ಕೆಲವು ಪ್ರೋಟೀನ್‌ಗಳ ಆಯುಷ್ಯ ನಿಮಿಷಗಳಷ್ಟೇ. ಇದಕ್ಕೆ ತದ್ವಿರುದ್ಧವಾಗಿ ಕಣ್ಣಿನ ಮಸೂರದ ನಡುಭಾಗದಲ್ಲಿರುವ ಕ್ರಿಸ್ಟಲಿನ್‌ಗಳು ಹುಟ್ಟಿದಂದಿನಿಂದ ಬದಲಾಗುವುದೇ ಇಲ್ಲ. ವಯಸ್ಸಿನೊಡನೆ ಅವು ಒಂದಕ್ಕೊಂದು ಅಂಟಿ ಬೆಳಕನ್ನು ಚದುರಿಸತೊಡಗಿದಾಗ ಅದನ್ನು ಕಣ್ಣಿನ ಪೊರೆ ಎನ್ನುತ್ತೇವೆ.

ಆಲ್ಫಾಫೋಲ್ಡ್ ಬಂದ ಮೇಲೆ ಪ್ರಯೋಗಾಲಯದ ಕೆಲಸ ಮುಗೀತಾ?

ಆಲ್ಫಾಫೋಲ್ಡ್ ಎಂಬುದು ಅಮೈನೋ ಆಮ್ಲಗಳ ಸಾಲನ್ನು ನೋಡಿ ಪ್ರೋಟೀನ್‌ನ ಆಕಾರವನ್ನು ಊಹಿಸುವ ಗಣಕ ತಂತ್ರಾಂಶ. ಪ್ರೋಟೀನ್ ರಚನೆಗಳ ಸಾರ್ವಜನಿಕ ಭಂಡಾರ 1971ರಲ್ಲಿ ಏಳು ರಚನೆಗಳೊಂದಿಗೆ ಆರಂಭವಾಯಿತು. ಕ್ಷ-ಕಿರಣ, ಅಯಸ್ಕಾಂತೀಯ ಅನುರಣನ, ಶೀತಲ ಎಲೆಕ್ಟ್ರಾನ್ ಸೂಕ್ಷ್ಮದರ್ಶಕಗಳಿಂದ ಬಿಡಿಸಿದ ರಚನೆಗಳು ಕೂಡುತ್ತ ಈಗ ಅದು 2 ಲಕ್ಷ ದಾಟಿದೆ. ಆಲ್ಫಾಫೋಲ್ಡ್ ಕಲಿತದ್ದು ಆ ಭಂಡಾರದಿಂದ, ಮತ್ತು ಸಂಬಂಧಿ ಜೀವಿಗಳ ಪ್ರೋಟೀನ್‌ಗಳಲ್ಲಿ ಯಾವ ಎರಡು ಸ್ಥಾನಗಳು ಒಟ್ಟೊಟ್ಟಿಗೆ ಬದಲಾಗುತ್ತವೆ ಎಂಬ ಸುಳಿವಿನಿಂದ. ರಚನೆ ಊಹಿಸುವ 2020ರ ಅಂತರರಾಷ್ಟ್ರೀಯ ಸ್ಪರ್ಧೆಯಲ್ಲಿ ಅದರ ಊಹೆಗಳು ಪ್ರಯೋಗದ ರಚನೆಗಳಿಗೆ ಹಲವೆಡೆ ಸರಿಸಾಟಿಯಾಗಿದ್ದವು. 2022ರ ಹೊತ್ತಿಗೆ 20 ಕೋಟಿಗೂ ಹೆಚ್ಚು ಪ್ರೋಟೀನ್‌ಗಳ ಊಹಿತ ರಚನೆಗಳು ಎಲ್ಲರಿಗೂ ತೆರೆದವು. ಇದು ನಿಜಕ್ಕೂ ದೊಡ್ಡ ಸಾಧನೆ, ಕಡಿಮೆ ಮಾಡಿ ಹೇಳುವ ಅಗತ್ಯವಿಲ್ಲ. ಆದರೆ ಅದು ಕೊಡುವುದು ಸರಪಳಿ ಕೊನೆಗೆ ತಲುಪುವ ನೆಲೆಯ ಚಿತ್ರ; ತಲುಪುವ ದಾರಿಯಲ್ಲ, ತಲುಪಿದ ಮೇಲಿನ ಚಲನೆಯೂ ಅಲ್ಲ. ಹಿಮೋಗ್ಲೋಬಿನ್ನಿನ ಕಬ್ಬಿಣ ಜಾರಿದಾಗ ಏನಾಗುತ್ತದೆ ಎಂಬಂತಹ ಪ್ರಶ್ನೆಗಳಿಗೆ ಇನ್ನೂ ಪ್ರಯೋಗವೇ ಬೇಕು.

ಪ್ರಕೃತಿಯಲ್ಲಿ ಇಲ್ಲದ ಹೊಸ ಪ್ರೋಟೀನನ್ನು ನಾವೇ ಮಾಡಬಹುದಾ?

ಮಾಡಿಯಾಗಿದೆ. ಡೇವಿಡ್ ಬೇಕರ್ ತಂಡ 2003ರಲ್ಲಿ, ಜೀವಜಗತ್ತಿನಲ್ಲಿ ಎಲ್ಲೂ ಕಾಣದ ಒಂದು ಆಕಾರವನ್ನು ಮೊದಲು ಕಲ್ಪಿಸಿಕೊಂಡು, ಅದಕ್ಕೆ ಹೊಂದುವ 93 ಅಮೈನೋ ಆಮ್ಲಗಳ ಸಾಲನ್ನು ಗಣಕದಲ್ಲಿ ಲೆಕ್ಕ ಹಾಕಿ ತಯಾರಿಸಿತು. ಕ್ಷ-ಕಿರಣದಲ್ಲಿ ನೋಡಿದಾಗ ಅದು ಯೋಜಿಸಿದಂತೆಯೇ ಮಡಚಿಕೊಂಡಿತ್ತು. 2024ರ ರಸಾಯನವಿಜ್ಞಾನದ ನೊಬೆಲ್ಲಿನ ಅರ್ಧ ಬೇಕರ್‌ಗೆ, ಉಳಿದರ್ಧ ಆಲ್ಫಾಫೋಲ್ಡ್‌ನ ಡೆಮಿಸ್ ಹಸಾಬಿಸ್ ಮತ್ತು ಜಾನ್ ಜಂಪರ್‌ಗೆ ಸಂದಿತು. ಟಾಪ್7 ಎಂದು ಹೆಸರಿಟ್ಟ ಆ ಮೊದಲ ಪ್ರೋಟೀನ್ ನೀರಿನ ಕುದಿಬಿಂದುವಿನ ಹತ್ತಿರ ಕಾಯಿಸಿದರೂ ಬಿಚ್ಚಿಕೊಳ್ಳಲಿಲ್ಲ. ಅದಕ್ಕೆ ಮಾಡಲು ಯಾವ ಕೆಲಸವನ್ನೂ ಕೊಟ್ಟಿರಲಿಲ್ಲ. ಇಂತಹ ಗಟ್ಟಿ ಪ್ರೋಟೀನ್‌ಗಳನ್ನು ಕಟ್ಟುವುದು ಈಗ ಹೆಚ್ಚುಕಡಿಮೆ ದಿನನಿತ್ಯದ ಕೆಲಸವಾಗಿದೆ. ಸಹಜ ಕಿಣ್ವಗಳಷ್ಟು ಚುರುಕಾಗಿ ಬಾಗುವ, ತೆರೆಯುವ, ಬಿಟ್ಟುಕೊಡುವ ಪ್ರೋಟೀನನ್ನು ಕಟ್ಟುವುದು ಈಗಲೂ ಕಷ್ಟದ್ದು.